ಡೀಸೆಲ್ ಟ್ರಕ್ಕಿಗೆ ದೊಡ್ಡ ಟರ್ಬೊ: ಬಿಚ್ಚುವುದರಿಂದ ಮತ್ತೆ ರಸ್ತೆಗಿಳಿಸುವವರೆಗೆ

ಏರುದಾರಿಯಲ್ಲಿ ಟ್ರಕ್ಕು ಮೊದಲಿನಂತೆ ಎಳೆಯುತ್ತಿಲ್ಲ, ಹೊಗೆ ಹೆಚ್ಚಾಗಿದೆ, ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ನಿನ ಒಂದು ಬದಿಯಿಂದ ಕೀರಲು ಸಿಳ್ಳು ಕೇಳುತ್ತಿದೆ ಎಂದು ಮೆಕ್ಯಾನಿಕ್ ಬಳಿ ಗಾಡಿಯನ್ನು ಒಯ್ದಾಗ, ಅನೇಕ ಸಲ ಸಿಗುವ ಉತ್ತರ ಒಂದೇ: ಟರ್ಬೊ ಹೋಗಿದೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆಯೂ ಬರುತ್ತದೆ. ಹೇಗೂ ಬಿಚ್ಚುತ್ತಿದ್ದೇವೆ, ಅದೇ ಅಳತೆಯದನ್ನು ಹಾಕುವ ಬದಲು ಸ್ವಲ್ಪ ದೊಡ್ಡದನ್ನೇ ಹಾಕೋಣವೇ? ಅದುವರೆಗೆ ಟರ್ಬೊ ಎಂಬ ಹೆಸರನ್ನು ಗಾಡಿಯ ಹಿಂಬದಿಯ ಅಕ್ಷರಗಳಲ್ಲಿ ಮಾತ್ರ ಓದಿದ್ದ ಮಾಲೀಕರು ಅಲ್ಲಿಯೇ, ನಿಂತ ನಿಲುವಿನಲ್ಲಿಯೇ, ಇದಕ್ಕೆ ಉತ್ತರ ಹೇಳಬೇಕಾಗುತ್ತದೆ. ಟರ್ಬೊ ಏನು ಮಾಡುತ್ತದೆ, ದೊಡ್ಡದು ಎಂದರೆ ಯಾವ ಅರ್ಥದಲ್ಲಿ ದೊಡ್ಡದು, ಅದನ್ನು ಕೂರಿಸಿದ ಮೇಲೆ ಗಾಡಿ ರಸ್ತೆಗೆ ಬರುವವರೆಗೆ ಏನೇನು ಆಗಬೇಕು ಎಂಬುದನ್ನು ಮೊದಲಿನಿಂದ ನೋಡಿದರೆ ಆ ಉತ್ತರ ಸುಲಭವಾಗುತ್ತದೆ.

ಡೀಸೆಲ್ ಇಂಜಿನ್ನಿನ ಮಿತಿ ಇರುವುದು ಗಾಳಿಯಲ್ಲಿ

ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಸಿಲಿಂಡರಿನೊಳಗೆ ಬಂದ ಗಾಳಿಯನ್ನು ಪಿಸ್ಟನ್ ಸುಮಾರು ಹದಿನಾರು ಹದಿನೆಂಟನೇ ಒಂದು ಭಾಗಕ್ಕೆ ಅದುಮುತ್ತದೆ. ಹಾಗೆ ಅದುಮಿದ ಗಾಳಿ 500 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯುತ್ತದೆ, ಆ ಬಿಸಿಗೆ ಇಂಜೆಕ್ಟರ್ ಚಿಮ್ಮಿಸಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಚಾಲಕನು ಆಕ್ಸಿಲರೇಟರ್ ಒತ್ತಿದಾಗ ಮೊದಲು ಹೆಚ್ಚುವುದು ಡೀಸೆಲ್ಲಿನ ಪ್ರಮಾಣ, ಗಾಳಿಯದಲ್ಲ.

ಆದರೆ ಡೀಸೆಲ್ಲನ್ನು ಮನಬಂದಷ್ಟು ಸುರಿಯಲು ಆಗುವುದಿಲ್ಲ. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಲೆಕ್ಕದ ಪ್ರಕಾರ ಸುಮಾರು 14.5 ಕಿಲೋ ಗಾಳಿ ಬೇಕು. ಕ್ಷಣಾರ್ಧದಲ್ಲಿ ಇವೆರಡೂ ಸರಿಯಾಗಿ ಬೆರೆಯುವುದು ಕಷ್ಟವಾದ್ದರಿಂದ ವ್ಯವಹಾರದಲ್ಲಿ 18ರಿಂದ 20 ಕಿಲೋ ಗಾಳಿ ಇದ್ದರೆ ಮಾತ್ರ ಹೊಗೆಯಿಲ್ಲದೆ ಉರಿಯುತ್ತದೆ. ಅದಕ್ಕಿಂತ ಕಡಿಮೆಯಾದರೆ ಉರಿಯದೆ ಉಳಿದ ಇಂಗಾಲ ಮಸಿಯಾಗಿ, ಕಪ್ಪು ಹೊಗೆಯಾಗಿ ಹೊರಬೀಳುತ್ತದೆ. ಒಲೆಗೆ ಸೌದೆ ತುರುಕಿದಷ್ಟೂ ಬೆಂಕಿ ಹೆಚ್ಚುವುದಿಲ್ಲ, ಒಂದು ಹಂತದ ನಂತರ ಹೊಗೆ ಮಾತ್ರ ಹೆಚ್ಚುತ್ತದೆ. ಆಗ ಬೇಕಾದದ್ದು ಊದುಗೊಳವೆ. ಟರ್ಬೊ ಡೀಸೆಲ್ ಇಂಜಿನ್ನಿನ ಊದುಗೊಳವೆ.

ಒಂದು ಲೆಕ್ಕ ಮಾಡಿ ನೋಡಬಹುದು. 6 ಲೀಟರ್ ಗಾತ್ರದ ಇಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿಯನ್ನು ಎಳೆದುಕೊಳ್ಳುತ್ತದೆ. ನಿಮಿಷಕ್ಕೆ 2,000 ಸುತ್ತಿನಲ್ಲಿ ಅದು 6,000 ಲೀಟರ್ ಆಗಬೇಕು. ಸಿಲಿಂಡರ್ ಪೂರ್ತಿ ತುಂಬುವುದಿಲ್ಲವಾದ್ದರಿಂದ ಹತ್ತರಲ್ಲಿ ಒಂದು ಪಾಲು ಬಿಟ್ಟರೆ, ತೂಕದಲ್ಲಿ ನಿಮಿಷಕ್ಕೆ ಆರೂಕಾಲು ಕಿಲೋದಷ್ಟು ಗಾಳಿ. ಇಪ್ಪತ್ತಕ್ಕೆ ಒಂದರಂತೆ ಅದಕ್ಕೆ ಸಲ್ಲುವ ಡೀಸೆಲ್ ಗಂಟೆಗೆ ಸುಮಾರು 19 ಕಿಲೋ. ಅಷ್ಟು ಡೀಸೆಲ್ಲಿನಿಂದ ಈ ಬಗೆಯ ಇಂಜಿನ್ ಸುಮಾರು 90 ಕಿಲೋವ್ಯಾಟ್, ಅಂದರೆ 120 ಅಶ್ವಶಕ್ತಿಯಷ್ಟು ಕೊಡಬಲ್ಲದು. ಇಂಜಿನ್ನಿನ ಗಾತ್ರವನ್ನೂ ಸುತ್ತಿನ ವೇಗವನ್ನೂ ಹೆಚ್ಚಿಸದೆ ಇದಕ್ಕಿಂತ ಮುಂದೆ ಹೋಗಬೇಕಾದರೆ ಅದೇ ಜಾಗಕ್ಕೆ ಹೆಚ್ಚು ಗಾಳಿಯನ್ನು ತುಂಬಬೇಕು.

ಹೊರಗೆ ಹೋಗುವ ಬಿಸಿಯಿಂದ ಒಳಗೆ ಬರುವ ಗಾಳಿ

ಇಂಧನದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬಿಸಿ ಹೊಗೆಯ ಜೊತೆ ಸೈಲೆನ್ಸರಿನಿಂದ ಹೊರಟುಹೋಗುತ್ತದೆ. ಈ ವ್ಯರ್ಥವನ್ನು ದುಡಿಸಿಕೊಳ್ಳಬಹುದು ಎಂದು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿಯೇ ಪೇಟೆಂಟ್ ಪಡೆದಿದ್ದರು. ಮೊದಲು ಹಡಗುಗಳ ದೊಡ್ಡ ಇಂಜಿನ್ನುಗಳಲ್ಲಿ ನೆಲೆಯೂರಿದ ಈ ಉಪಕರಣ 1938ರ ಹೊತ್ತಿಗೆ ಅದೇ ದೇಶದ ಸೌರರ್ ಕಂಪನಿಯ ಮೂಲಕ ಟ್ರಕ್ಕಿಗೂ ಬಂದಿತು.

ರಚನೆ ಸರಳವಾದದ್ದು. ಒಂದು ಶಾಫ್ಟು, ಅದರ ಎರಡು ತುದಿಗಳಲ್ಲಿ ಎರಡು ಚಕ್ರಗಳು. ಹೊಗೆಯ ಕಡೆಯ ಚಕ್ರಕ್ಕೆ ಟರ್ಬೈನ್ ಎಂದು ಹೆಸರು. ಹೊರಹೋಗುವ ಬಿಸಿ ಅನಿಲ ಅದನ್ನು ಗಾಳಿ ಬೀಸಿದಾಗ ಗಿರಿಗಿಟ್ಟಲೆ ತಿರುಗುವಂತೆ ತಿರುಗಿಸುತ್ತದೆ. ಇನ್ನೊಂದು ತುದಿಯ ಚಕ್ರ ಕಂಪ್ರೆಸರ್; ಅದು ಏರ್ ಫಿಲ್ಟರಿನ ಕಡೆಯಿಂದ ಗಾಳಿಯನ್ನು ಎಳೆದು, ಅದುಮಿ, ಇಂಜಿನ್ನಿನೊಳಗೆ ನೂಕುತ್ತದೆ. ಹೀಗೆ ಹೊರಗಿನ ವಾತಾವರಣದ ಒತ್ತಡಕ್ಕಿಂತ ಹೆಚ್ಚಾಗಿ ಸಿಗುವ ಒತ್ತಡಕ್ಕೆ ಬೂಸ್ಟ್ ಎನ್ನುತ್ತಾರೆ. ವಾತಾವರಣದ ಒತ್ತಡ ಸುಮಾರು 1 ಬಾರ್, ಮೀಟರಿನಲ್ಲಿ 1.5 ಬಾರ್ ಬೂಸ್ಟ್ ತೋರಿಸುತ್ತಿದ್ದರೆ ಸಿಲಿಂಡರಿಗೆ ಹೋಗುತ್ತಿರುವ ಗಾಳಿಯ ಒಟ್ಟು ಒತ್ತಡ 2.5 ಬಾರ್.

ಈ ಶಾಫ್ಟು ಸುತ್ತುವ ವೇಗವನ್ನು ಊಹಿಸಿಕೊಳ್ಳುವುದೇ ಕಷ್ಟ. ಟ್ರಕ್ಕಿನ ಟರ್ಬೊ ಪೂರ್ತಿ ಲೋಡಿನಲ್ಲಿ ನಿಮಿಷಕ್ಕೆ ಒಂದು ಲಕ್ಷ ಸುತ್ತಿನ ಆಸುಪಾಸಿನಲ್ಲಿರುತ್ತದೆ. 80 ಮಿಲಿಮೀಟರ್ ಅಗಲದ ಚಕ್ರ ಆ ವೇಗದಲ್ಲಿ ತಿರುಗಿದರೆ ಅದರ ಅಂಚು ಸೆಕೆಂಡಿಗೆ 400 ಮೀಟರಿಗೂ ಹೆಚ್ಚು ದೂರ ಸಾಗುತ್ತದೆ, ಅಂದರೆ ಶಬ್ದವನ್ನೂ ಹಿಂದೆ ಹಾಕುತ್ತದೆ. ಇಂಥ ವೇಗವನ್ನು ಸಾಮಾನ್ಯ ಬೇರಿಂಗು ತಾಳದು. ಆದ್ದರಿಂದ ಹೆಚ್ಚಿನ ಟರ್ಬೊಗಳಲ್ಲಿ ಶಾಫ್ಟು ಇಂಜಿನ್ ಆಯಿಲ್ಲಿನ ತೆಳುವಾದ ಪದರದ ಮೇಲೆ ತೇಲುತ್ತಿರುತ್ತದೆ. ಬೇರಿಂಗು ಕೂಡ ಆಯಿಲ್ಲಿನಲ್ಲಿ ತೇಲುತ್ತ ನಿಧಾನವಾಗಿ ಸುತ್ತುತ್ತಿರುತ್ತದೆ. ಲೋಹಕ್ಕೆ ಲೋಹ ತಾಗದಂತೆ ಕಾಯುವುದು ಆ ಪದರವೊಂದೇ. ಮುಂದೆ ಜೋಡಣೆಯ ವಿಷಯ ಬಂದಾಗ ಈ ಸಂಗತಿಯನ್ನು ಮತ್ತೆ ಮತ್ತೆ ನೆನೆಯಬೇಕಾಗುತ್ತದೆ.

ಅದುಮಿದ ಗಾಳಿ ಬಿಸಿಯಾಗುತ್ತದೆ ಎಂಬುದನ್ನು ಸೈಕಲ್ ಪಂಪಿನ ತುದಿಯನ್ನು ಮುಟ್ಟಿದವರೆಲ್ಲ ಬಲ್ಲರು. 30 ಡಿಗ್ರಿಯ ಗಾಳಿಯನ್ನು 2.5 ಬಾರಿಗೆ ಅದುಮಿದಾಗ, ಒಳ್ಳೆಯ ಕಂಪ್ರೆಸರಿನಲ್ಲಿಯೂ ಅದು 160 ಡಿಗ್ರಿಯಷ್ಟು ಕಾಯುತ್ತದೆ. ಬಿಸಿ ಗಾಳಿ ಹಿಗ್ಗುವುದರಿಂದ ಒತ್ತಡ ಎರಡೂವರೆ ಪಟ್ಟಾದರೂ ತೂಕದಲ್ಲಿ ಸಿಗುವುದು ಒಂದೂಮುಕ್ಕಾಲು ಪಟ್ಟು ಮಾತ್ರ. ಅದೇ ಗಾಳಿಯನ್ನು ರೇಡಿಯೇಟರಿನ ಮುಂದಿರುವ ಇಂಟರ್‌ಕೂಲರ್ ಮೂಲಕ ಹಾಯಿಸಿ 55 ಡಿಗ್ರಿಗೆ ಇಳಿಸಿದರೆ ತೂಕ ಸುಮಾರು 2.3 ಪಟ್ಟಿಗೆ ಏರುತ್ತದೆ. ನಮ್ಮ 6 ಲೀಟರಿನ ಇಂಜಿನ್ ಈಗ ನಿಮಿಷಕ್ಕೆ 14 ಕಿಲೋದಷ್ಟು ಗಾಳಿಯನ್ನು ಪಡೆದು, ಸುಮಾರು 200 ಕಿಲೋವ್ಯಾಟಿಗೆ ಸಾಲುವಷ್ಟು ಡೀಸೆಲ್ಲನ್ನು ಹೊಗೆಯಿಲ್ಲದೆ ಉರಿಸಬಲ್ಲದು. ಬೂಸ್ಟ್ ಎಷ್ಟು ಎಂದು ಕೇಳುವವರು ಆ ಗಾಳಿ ಎಷ್ಟು ತಂಪಾಗಿದೆ ಎಂದೂ ಕೇಳಬೇಕಾದದ್ದು ಇದಕ್ಕೇ.

ದೊಡ್ಡದು ಎಂದರೆ ಯಾವುದು ದೊಡ್ಡದು

ಟರ್ಬೊವಿನ ಗಾತ್ರ ಎರಡು ಕಡೆ ಇರುತ್ತದೆ. ಕಂಪ್ರೆಸರಿನ ಚಕ್ರ ದೊಡ್ಡದಾದರೆ ಹೆಚ್ಚು ಗಾಳಿಯನ್ನು ಸಾಗಿಸಬಲ್ಲದು. ಟರ್ಬೈನಿನ ಕಡೆಯಲ್ಲಿ ಚಕ್ರದಷ್ಟೇ ಮುಖ್ಯವಾದದ್ದು ಅದನ್ನು ಸುತ್ತುವರಿದಿರುವ, ಶಂಖದಂತೆ ಸುರುಳಿಯಾಗಿರುವ ಎರಕದ ಹೌಸಿಂಗ್. ನೀರಿನ ಪೈಪಿನ ಬಾಯನ್ನು ಹೆಬ್ಬೆರಳಿನಿಂದ ಅರ್ಧ ಮುಚ್ಚಿದರೆ ನೀರು ರಭಸವಾಗಿ ಚಿಮ್ಮುತ್ತದೆ, ಬೆರಳು ತೆಗೆದರೆ ರಭಸ ಇಳಿದರೂ ಹೆಚ್ಚು ನೀರು ಹರಿಯುತ್ತದೆ. ಹೌಸಿಂಗಿನ ಸುರುಳಿ ಕಿರಿದಾಗಿದ್ದರೆ ಇಂಜಿನ್ ನಿಧಾನವಾಗಿದ್ದಾಗಲೂ ಅನಿಲ ಚಕ್ರಕ್ಕೆ ಜೋರಾಗಿ ಬಡಿದು ಬೂಸ್ಟ್ ಬೇಗ ಬರುತ್ತದೆ, ಆದರೆ ಹೆಚ್ಚಿನ ವೇಗದಲ್ಲಿ ಹೊಗೆ ಹೊರಹೋಗಲು ದಾರಿ ಸಾಲದೆ ಇಂಜಿನ್ನಿಗೆ ಉಸಿರು ಕಟ್ಟುತ್ತದೆ. ಅಗಲವಾಗಿದ್ದರೆ ಇದರ ತಿರುವುಮುರುವು.

ಬರೀ ಶಕ್ತಿಯ ಅಂಕಿಯನ್ನು ನೋಡಿ ತೀರಾ ದೊಡ್ಡ ಟರ್ಬೊ ಆರಿಸಿದವರು ಎದುರಿಸುವ ತೊಂದರೆ ಇದೇ. ಭಾರವಾದ ಚಕ್ರ ವೇಗ ಹಿಡಿಯುವವರೆಗೆ ಬೂಸ್ಟ್ ಇರುವುದಿಲ್ಲ. ಈ ತಡಕ್ಕೆ ಲ್ಯಾಗ್ ಎನ್ನುತ್ತಾರೆ. ಲೋಡು ಹೊತ್ತ ಗಾಡಿ ನಿಂತಲ್ಲಿಂದ ಹೊರಡುವಾಗ, ತಿರುವಿನಲ್ಲಿ ಗೇರ್ ಇಳಿಸಿ ಏರು ಹತ್ತುವಾಗ, ಇಂಜಿನ್ 1,200ರಿಂದ 1,600 ಸುತ್ತಿನ ನಡುವೆ ಇರುತ್ತದೆ. ಟ್ರಕ್ಕಿನ ದುಡಿಮೆಯ ಬಹುಪಾಲು ಅಲ್ಲಿಯೇ. ಆ ವಲಯದಲ್ಲಿ ಬೂಸ್ಟ್ ಇಲ್ಲದೆ 2,200 ಸುತ್ತಿನಲ್ಲಿ ಮಾತ್ರ ಪೂರ್ತಿ ಬಲ ಕೊಡುವ ಟರ್ಬೊ ಸ್ಪರ್ಧೆಯ ಗಾಡಿಗೆ ಹೊಂದಬಹುದು, ಸರಕು ಸಾಗಿಸುವ ಗಾಡಿಗಲ್ಲ.

ಇನ್ನೂ ಎರಡು ಮಿತಿಗಳಿವೆ. ಪ್ರತಿಯೊಂದು ಕಂಪ್ರೆಸರಿಗೂ ತಯಾರಕರು ಒಂದು ನಕ್ಷೆ ಕೊಡುತ್ತಾರೆ. ಎಷ್ಟು ಗಾಳಿ ಹರಿಯುವಾಗ ಎಷ್ಟು ಒತ್ತಡವನ್ನು ಅದು ಸಲೀಸಾಗಿ ಕೊಡುತ್ತದೆ ಎಂಬುದು ಅದರಲ್ಲಿರುತ್ತದೆ. ನಕ್ಷೆಯ ಎಡ ಅಂಚಿನ ಗೆರೆಗೆ ಸರ್ಜ್ ಎಂದು ಹೆಸರು: ಅದುಮಿದ ಗಾಳಿಯನ್ನು ಇಂಜಿನ್ ಅಷ್ಟು ಬೇಗ ನುಂಗಲಾರದೆ ಹೋದಾಗ ಅದು ಕಂಪ್ರೆಸರಿನ ಮೂಲಕವೇ ಹಿಂದಕ್ಕೆ ನುಗ್ಗುತ್ತದೆ. ಆಗ ಕೇಳುವ ಬುಸುಬುಸು ಬಡಿತ ಕೆಲವರ ಕಿವಿಗೆ ಹಿತವಾದರೂ ಪ್ರತಿ ಬಡಿತವೂ ಶಾಫ್ಟನ್ನು ಹಿಂದೆ ಮುಂದೆ ತಳ್ಳಿ ಬೇರಿಂಗನ್ನು ಸವೆಸುತ್ತದೆ. ಬಲ ಅಂಚಿನ ಗೆರೆಗೆ ಚೋಕ್ ಎನ್ನುತ್ತಾರೆ. ಅದರಾಚೆ ಚಕ್ರ ಎಷ್ಟು ವೇಗವಾಗಿ ತಿರುಗಿದರೂ ಗಾಳಿ ಹೆಚ್ಚುವುದಿಲ್ಲ, ಬಿಸಿ ಮಾತ್ರ ಹೆಚ್ಚುತ್ತದೆ. ತಕ್ಕ ಟರ್ಬೊ ಆರಿಸುವುದೆಂದರೆ ಮೇಲೆ ಮಾಡಿದ ಗಾಳಿಯ ಲೆಕ್ಕವನ್ನು ನಾಲ್ಕಾರು ವೇಗಗಳಿಗೆ ಮಾಡಿ, ಆ ಬಿಂದುಗಳೆಲ್ಲ ಈ ಎರಡು ಗೆರೆಗಳ ನಡುವೆ ಬೀಳುತ್ತವೆಯೇ ಎಂದು ನೋಡುವುದು. ಮಾರುವವರು ಈ ನಕ್ಷೆಯನ್ನು ತೋರಿಸಲಾರದಿದ್ದರೆ ಆ ಟರ್ಬೊವನ್ನು ಕೊಳ್ಳದಿರುವುದೇ ಲೇಸು.

ಬೇಗ ಬರುವ ಬೂಸ್ಟ್, ಕೊನೆಯವರೆಗೆ ನಿಲ್ಲುವ ಬೂಸ್ಟ್ ಎರಡನ್ನೂ ಪಡೆಯಲು ಹಲವು ಉಪಾಯಗಳಿವೆ. ವೇಸ್ಟ್‌ಗೇಟ್ ಎಂಬುದು ಒಂದು ಪಕ್ಕದ ಬಾಗಿಲು. ಬೂಸ್ಟ್ ಗೊತ್ತಾದ ಮಟ್ಟ ಮುಟ್ಟಿದಾಗ ತೆರೆದುಕೊಂಡು ಹೆಚ್ಚಿನ ಅನಿಲವನ್ನು ಟರ್ಬೈನಿಗೆ ತಾಗಿಸದೆ ಹೊರಗೆ ಬಿಡುತ್ತದೆ. ವೇರಿಯಬಲ್ ಜ್ಯಾಮಿತಿಯ ಟರ್ಬೊದಲ್ಲಿ ಚಕ್ರದ ಸುತ್ತಲೂ ಚಲಿಸುವ ರೆಕ್ಕೆಗಳಿರುತ್ತವೆ, ಅವು ಪೈಪಿನ ಬಾಯಿಯ ಹೆಬ್ಬೆರಳಿನ ಕೆಲಸವನ್ನು ಕ್ಷಣಕ್ಷಣವೂ ಮಾಡುತ್ತವೆ. ಇಬ್ಭಾಗವಾದ ಹೌಸಿಂಗ್ ಇನ್ನೊಂದು ದಾರಿ. ಆರು ಸಿಲಿಂಡರಿನ ಇಂಜಿನ್ನಿನಲ್ಲಿ ಉರಿಯುವ ಸರದಿ ಸಾಮಾನ್ಯವಾಗಿ 1-5-3-6-2-4. ಇದನ್ನು ಗಮನಿಸಿ ನೋಡಿದರೆ ಮುಂದಿನ ಮೂರು ಸಿಲಿಂಡರುಗಳಲ್ಲಿ ಒಂದು, ಹಿಂದಿನ ಮೂರರಲ್ಲಿ ಒಂದು ಎಂದು ಸರದಿ ಅದಲುಬದಲಾಗುತ್ತ ಹೋಗುತ್ತದೆ. ಎರಡೂ ಗುಂಪಿನ ಹೊಗೆಯನ್ನು ಎರಡು ಬೇರೆ ಸುರುಳಿಗಳಲ್ಲಿ ಚಕ್ರದವರೆಗೆ ತಂದರೆ ಒಂದರ ಹೊಡೆತ ಇನ್ನೊಂದಕ್ಕೆ ಅಡ್ಡಬರದೆ ಪೂರ್ತಿಯಾಗಿ ಚಕ್ರಕ್ಕೆ ಸಿಗುತ್ತದೆ. ಸಿಲಿಂಡರುಗಳ ಹೊಗೆಯನ್ನು ಟರ್ಬೊಗೆ ತರುವ ಕವಲು ಕೊಳವೆಗೆ ಮ್ಯಾನಿಫೋಲ್ಡ್ ಎನ್ನುತ್ತಾರೆ. ಹೀಗೆ ಇಬ್ಭಾಗವಾದ ಮ್ಯಾನಿಫೋಲ್ಡ್ ಇರುವ ಗಾಡಿಗೆ ಒಂದೇ ಸುರುಳಿಯ ಟರ್ಬೊ ಕೂರಿಸಿದರೆ ಆ ಲಾಭ ಕೈತಪ್ಪುತ್ತದೆ.

ಬರೀ ಟರ್ಬೊ ಬದಲಿಸಿದರೆ ಬಲ ಏಕೆ ಹೆಚ್ಚುವುದಿಲ್ಲ

ಊದುಗೊಳವೆ ದೊಡ್ಡದಾಯಿತು, ಸೌದೆ ಅಷ್ಟೇ ಇದೆ. ಡೀಸೆಲ್ಲಿನ ಪ್ರಮಾಣವನ್ನು ನಿರ್ಧರಿಸುವುದು ಹಳೆಯ ಗಾಡಿಗಳಲ್ಲಿ ಇಂಧನ ಪಂಪು, ಈಗಿನ ಗಾಡಿಗಳಲ್ಲಿ ಇಸಿಯು ಎಂಬ ನಿಯಂತ್ರಣ ಪೆಟ್ಟಿಗೆ. ಇಸಿಯು ತನಗೆ ಮೊದಲೇ ಹೇಳಿಕೊಟ್ಟಿರುವ ಬೂಸ್ಟ್ ಮಟ್ಟಕ್ಕೆ ತಕ್ಕಷ್ಟೇ ಡೀಸೆಲ್ ಬಿಡುತ್ತದೆ. ಅದಕ್ಕಿಂತ ಹೆಚ್ಚಿನ ಒತ್ತಡ ಸೆನ್ಸರಿನಲ್ಲಿ ಕಂಡರೆ ಏನೋ ಕೆಟ್ಟಿದೆ ಎಂದು ತಿಳಿದು ಬಲವನ್ನು ತಗ್ಗಿಸುವುದೂ ಉಂಟು. ಆದ್ದರಿಂದ ಟರ್ಬೊ ದೊಡ್ಡದಾದಾಗ ಇಸಿಯುವಿನ ಲೆಕ್ಕವನ್ನೂ ಕೆಲವೊಮ್ಮೆ ಇಂಜೆಕ್ಟರುಗಳನ್ನೂ ಅದಕ್ಕೆ ಹೊಂದಿಸಬೇಕು. ಹಾಗೆಂದು ಡೀಸೆಲ್ ಮೊದಲು ಹೆಚ್ಚಿಸಿ ಗಾಳಿಯನ್ನು ಆಮೇಲೆ ನೋಡಿಕೊಂಡರಾಯಿತು ಎಂದರೆ ಹೊಗೆಯ ಬಿಸಿ ಏರುತ್ತದೆ. ಟರ್ಬೈನಿನ ಮುಂದೆ 700 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯನ್ನು ದೀರ್ಘಕಾಲ ತಾಳುವುದು ಇಂಜಿನ್ನಿಗೂ ಟರ್ಬೊಗೂ ಕಷ್ಟ. ಅಲ್ಯೂಮಿನಿಯಂ ಕರಗುವುದೇ 660 ಡಿಗ್ರಿಯಲ್ಲಿ. ಅಲ್ಯೂಮಿನಿಯಂ ಪಿಸ್ಟನ್ ಉಳಿಯುತ್ತಿರುವುದು ಕೆಳಗಿನಿಂದ ಚಿಮ್ಮುವ ಆಯಿಲ್ ಅದರ ಬಿಸಿಯನ್ನು ಹೊತ್ತೊಯ್ಯುತ್ತಿರುವುದರಿಂದ.

ಬಲ ಹೆಚ್ಚಾದಾಗ ಅದರ ಹೊರೆ ಸಾಲಾಗಿ ಎಲ್ಲದರ ಮೇಲೂ ಬೀಳುತ್ತದೆ: ಸಿಲಿಂಡರುಗಳ ಮೇಲ್ಮುಚ್ಚಳದ ಸಂದನ್ನು ಮುಚ್ಚುವ ಹೆಡ್ ಗ್ಯಾಸ್ಕೆಟ್, ಕ್ಲಚ್, ಗೇರ್‌ಬಾಕ್ಸ್, ರೇಡಿಯೇಟರ್. ಶಕ್ತಿಯನ್ನು ಹತ್ತು ಹದಿನೈದು ಪ್ರತಿಶತ ಹೆಚ್ಚಿಸುವುದಕ್ಕೂ ಒಂದೂವರೆ ಪಟ್ಟು ಮಾಡುವುದಕ್ಕೂ ಇರುವ ವ್ಯತ್ಯಾಸ ಟರ್ಬೊವಿನ ಬಿಲ್ಲಿನಲ್ಲಿ ಕಾಣುವುದಿಲ್ಲ, ಆ ಉಳಿದ ಭಾಗಗಳ ಬಿಲ್ಲಿನಲ್ಲಿ ಕಾಣುತ್ತದೆ.

ಕಾನೂನಿನ ಮಾತೂ ಇದೆ. ಹೊಗೆಯ ಮಿತಿಗೆ ಪ್ರಮಾಣಪತ್ರ ಪಡೆದ ಇಂಜಿನ್ನಿನ ಟರ್ಬೊ, ಇಸಿಯು ಲೆಕ್ಕ, ಮಸಿ ಹಿಡಿಯುವ ಫಿಲ್ಟರ್ ಇವೆಲ್ಲ ಆ ಪ್ರಮಾಣದ ಭಾಗಗಳು. ಫಿಲ್ಟರನ್ನು ತೆಗೆದುಹಾಕುವುದು ಅನೇಕ ದೇಶಗಳಲ್ಲಿ ಅಪರಾಧ. ಬದಲಾವಣೆಗೆ ಅನುಮತಿ ಇದೆಯೇ, ವಿಮೆಗೆ ತಿಳಿಸಬೇಕೇ ಎಂಬುದನ್ನು ಬೋಲ್ಟ್ ಸಡಿಲಿಸುವ ಮೊದಲೇ ವಿಚಾರಿಸಬೇಕು.

ಹಳೆಯದು ಏಕೆ ಹೋಯಿತು

ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದು. ಟರ್ಬೊ ತಾನಾಗಿ ಕೆಡುವುದು ಅಪರೂಪ. ಬೇರೆ ಯಾವುದೋ ಅದನ್ನು ಕೆಡಿಸಿರುತ್ತದೆ. ಆ ಕಾರಣವನ್ನು ಹುಡುಕದೆ ಹೊಸದನ್ನು ಕೂರಿಸಿದರೆ ಅದಕ್ಕೂ ಅದೇ ಗತಿ, ಅದೂ ಕೆಲವೇ ಗಂಟೆಗಳಲ್ಲಿ.

ಬಿಚ್ಚಿದ ಟರ್ಬೊವನ್ನು ಮೇಜಿನ ಮೇಲಿಟ್ಟು ಕಂಪ್ರೆಸರಿನ ಕಡೆಯಿಂದ ಶಾಫ್ಟಿನ ತುದಿಯ ನಟ್ಟನ್ನು ಎರಡು ಬೆರಳುಗಳಲ್ಲಿ ಹಿಡಿದು ಅಲ್ಲಾಡಿಸಬೇಕು. ಮೇಲೆ ಕೆಳಗೆ ಒಂದಿಷ್ಟು ಆಟ ಇರುವುದು ದೋಷವಲ್ಲ, ಅದು ಆಯಿಲ್ ಪದರಕ್ಕಾಗಿ ಬಿಟ್ಟ ಜಾಗ. ಆದರೆ ಚಕ್ರದ ಅಂಚು ಹೌಸಿಂಗಿಗೆ ತಾಗುತ್ತಿದ್ದರೆ, ಒಳಗೋಡೆಯ ಮೇಲೆ ಹೊಳೆಯುವ ಉಜ್ಜಿದ ಗುರುತಿದ್ದರೆ ಬೇರಿಂಗು ಮುಗಿದಿದೆ. ಹಿಂದೆ ಮುಂದೆ ಎಳೆದಾಗಿನ ಆಟ ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೇ ಒಂದು ಭಾಗದ ಸುತ್ತಮುತ್ತ ಇರಬೇಕು. ಬೆರಳಿಗೆ ಟಕ್ ಟಕ್ ಎಂದು ಸ್ಪಷ್ಟವಾಗಿ ತಿಳಿಯುತ್ತಿದ್ದರೆ ಒತ್ತುವ ಬಲವನ್ನು ತಡೆಯುವ ಬೇರಿಂಗು ಸವೆದಿದೆ. ನಟ್ಟಿನ ಮೇಲೆ ಅಥವಾ ಚಕ್ರದ ಹಿಂಬದಿಯಲ್ಲಿ ಅರದಿಂದ ಕೆರೆದಂತಹ ಸಣ್ಣ ಕಚ್ಚುಗಳು ಕಂಡರೆ ಗಾಬರಿಯಾಗಬೇಕಿಲ್ಲ. ಸಮತೂಕ ಮಾಡುವಾಗ ಕಾರ್ಖಾನೆಯಲ್ಲಿಯೇ ತೆಗೆದ ಲೋಹದ ಗುರುತು ಅದು.

ಗಾಯಗಳು ತಮ್ಮ ಕಥೆಯನ್ನು ಹೇಳುತ್ತವೆ. ಶಾಫ್ಟು ನೀಲಿಗಟ್ಟಿದ್ದರೆ ಆಯಿಲ್ ಸಿಕ್ಕಿಲ್ಲ. ಬೇರಿಂಗಿನ ಮೇಲೆ ಸುತ್ತಲೂ ಗೀರುಗಳಿದ್ದರೆ ಆಯಿಲ್ಲಿನಲ್ಲಿ ಕಸವಿತ್ತು. ಕಂಪ್ರೆಸರಿನ ರೆಕ್ಕೆಗಳ ಮುಂದಿನ ಅಂಚು ಮರಳು ಕಾಗದ ಉಜ್ಜಿದಂತೆ ಸವೆದಿದ್ದರೆ ಏರ್ ಫಿಲ್ಟರಿನ ಮಗ್ಗುಲಿನಿಂದ ಧೂಳು ನುಸುಳಿದೆ. ಮುರಿದು ಹಲ್ಲುಹಲ್ಲಾಗಿದ್ದರೆ ಗಟ್ಟಿ ವಸ್ತುವೊಂದು ಒಳಹೊಕ್ಕಿದೆ. ನಡುವಿನ ಭಾಗದಲ್ಲಿ ಕರಕಲಾದ ಆಯಿಲ್ ಹೊಟ್ಟಿನಂತೆ ಅಂಟಿಕೊಂಡಿದ್ದರೆ, ಕಾದ ಇಂಜಿನ್ನನ್ನು ತಕ್ಷಣ ಆಫ್ ಮಾಡುವ ಅಭ್ಯಾಸ ಅದಕ್ಕೆ ಕಾರಣವಾಗಿರಬಹುದು. ಇಂಟರ್‌ಕೂಲರಿನ ಹೋಸ್ ಪೈಪಿನಲ್ಲಿ ಸೀಳಿದ್ದರೂ ಟರ್ಬೊ ಸಾಯುತ್ತದೆ, ಏಕೆಂದರೆ ಸೋರಿಹೋದ ಗಾಳಿಯನ್ನು ತುಂಬಿಕೊಡಲು ಅದು ತನ್ನ ಮಿತಿ ಮೀರಿ ತಿರುಗುತ್ತದೆ.

ಆಯಿಲ್ ಸೋರುವಿಕೆಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಸೈಲೆನ್ಸರಿನಿಂದ ನೀಲಿ ಹೊಗೆ ಬಂದ ಕೂಡಲೇ ಟರ್ಬೊ ಸೀಲು ಹೋಗಿದೆ ಎನ್ನುವುದು ವಾಡಿಕೆ. ಆದರೆ ಟರ್ಬೊದಲ್ಲಿರುವುದು ರಬ್ಬರಿನ ಸೀಲಲ್ಲ, ಪಿಸ್ಟನ್ ರಿಂಗಿನಂಥ ಸಣ್ಣ ಲೋಹದ ಬಳೆಗಳು. ಎರಡೂ ಚಕ್ರಗಳ ಕಡೆಯಿಂದ ಒತ್ತುವ ಅನಿಲ ಆಯಿಲ್ಲನ್ನು ನಡುವೆಯೇ ತಡೆದು ನಿಲ್ಲಿಸುವುದರಿಂದಲೇ ಅವು ಕೆಲಸ ಮಾಡುತ್ತವೆ. ಬೇರಿಂಗಿನಿಂದ ಹೊರಬಂದ ಆಯಿಲ್ ನೊರೆನೊರೆಯಾಗಿ, ಒತ್ತಡವಿಲ್ಲದೆ, ತನ್ನ ಭಾರಕ್ಕೆ ತಾನೇ ಕೆಳಗಿನ ದಪ್ಪ ಪೈಪಿನಲ್ಲಿ ಇಳಿದು ಹೋಗಬೇಕು. ಆ ಪೈಪು ಕಟ್ಟಿಕೊಂಡಿದ್ದರೆ, ಬಾಗಿದ್ದರೆ, ಅಥವಾ ಪಿಸ್ಟನ್ ರಿಂಗು ಸವೆದು ಇಂಜಿನ್ನಿನ ಕೆಳಗಿನ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ತುಂಬಿದ್ದರೆ ಆಯಿಲ್ ಇಳಿಯಲಾಗದೆ ಚಕ್ರಗಳ ಕಡೆಗೆ ಉಕ್ಕುತ್ತದೆ. ಮುಚ್ಚಿಹೋದ ಏರ್ ಫಿಲ್ಟರ್ ಕೂಡ ಕಂಪ್ರೆಸರಿನ ಕಡೆ ಆಯಿಲ್ಲನ್ನು ಹೀರಿಸುತ್ತದೆ. ಇಂಥ ಗಾಡಿಗೆ ಎಷ್ಟು ಹೊಸ ಟರ್ಬೊ ಹಾಕಿದರೂ ಎಲ್ಲವೂ ಸೋರುತ್ತವೆ.

ಕೂರಿಸುವ ಮೊದಲು ಸ್ವಚ್ಛತೆ

ಹಳೆಯ ಟರ್ಬೊದಿಂದ ಸೋರಿದ ಆಯಿಲ್ ಇಂಟರ್‌ಕೂಲರಿನ ತಳದಲ್ಲಿ ನಿಂತಿರುತ್ತದೆ. ಇದು ಕೊಳೆಯಷ್ಟೇ ಅಲ್ಲ, ಅಪಾಯ. ಡೀಸೆಲ್ ಇಂಜಿನ್ ಆಯಿಲ್ಲನ್ನೂ ಇಂಧನದಂತೆ ಉರಿಸಬಲ್ಲದು; ಹೊಸ ಟರ್ಬೊ ಆ ಆಯಿಲ್ಲನ್ನು ಒಮ್ಮೆಲೇ ಸಿಲಿಂಡರಿಗೆ ಊದಿದರೆ ಇಂಜಿನ್ ತಾನಾಗಿ ವೇಗ ಹೆಚ್ಚಿಸಿಕೊಳ್ಳುತ್ತ ಹೋಗುತ್ತದೆ. ಆಗ ಕೀಲಿ ತಿರುಗಿಸಿದರೆ ನಿಲ್ಲುವುದು ಡೀಸೆಲ್ ಮಾತ್ರ, ಇಂಜಿನ್ ನಿಲ್ಲುವುದಿಲ್ಲ. ಗಾಳಿಯ ದಾರಿಯನ್ನು ಮುಚ್ಚುವುದೇ ಮುಖ್ಯ ಉಪಾಯ, ಅದನ್ನೂ ಗಟ್ಟಿ ಹಲಗೆಯಿಂದಲೇ ಮಾಡಬೇಕು. ಆ ಬಾಯಿಯ ಹತ್ತಿರ ಕೈ ಒಯ್ಯಲೇಬಾರದು. ಆದ್ದರಿಂದ ಇಂಟರ್‌ಕೂಲರನ್ನೂ ಅದರ ಪೈಪುಗಳನ್ನೂ ಬಿಚ್ಚಿ ತೊಳೆದು ಒಣಗಿಸಬೇಕು. ಹಳೆಯ ಕಂಪ್ರೆಸರ್ ಚಕ್ರ ಒಡೆದಿದ್ದರೆ ತೊಳೆದರೂ ಸಾಲದು. ಅಲ್ಯೂಮಿನಿಯಂ ಚೂರುಗಳು ಒಳಗಿನ ಕಿರುದಾರಿಗಳಲ್ಲಿ ಸಿಕ್ಕಿಕೊಂಡಿದ್ದು ವಾರಗಳ ನಂತರ ಸಡಿಲಗೊಂಡು ಸಿಲಿಂಡರ್ ಸೇರುತ್ತವೆ; ಇಂಟರ್‌ಕೂಲರನ್ನೇ ಬದಲಿಸುವುದು ಸುರಕ್ಷಿತ. ಹೊಗೆಯ ಕಡೆ ಮಸಿ ಫಿಲ್ಟರ್ ಇದ್ದರೆ ಆಯಿಲ್ ಕುಡಿದು ಅದು ಕಟ್ಟಿಕೊಂಡಿಲ್ಲವೇ ಎಂದೂ ನೋಡಬೇಕು.

ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಹೊಸದಾಗಬೇಕು. ಟರ್ಬೊಗೆ ಆಯಿಲ್ ತರುವ ಸಣ್ಣ ಪೈಪನ್ನು ತೊಳೆದು ಬಳಸುವುದಕ್ಕಿಂತ ಬದಲಿಸುವುದೇ ಸರಿ, ಏಕೆಂದರೆ ಬಿಸಿಗೆ ಕರಕಲಾದ ಪದರ ಅದರ ಒಳಗೋಡೆಗೆ ಕಣ್ಣಿಗೆ ಕಾಣದಂತೆ ಅಂಟಿರುತ್ತದೆ. ಮ್ಯಾನಿಫೋಲ್ಡಿನ ಮೇಲ್ಮೈ ಬಿಸಿಗೆ ಬಾಗಿದೆಯೇ, ಸೀಳಿದೆಯೇ ಎಂದು ನೇರವಾದ ಉಕ್ಕಿನ ಪಟ್ಟಿಯನ್ನಿಟ್ಟು ನೋಡಬೇಕು.

ಜೋಡಣೆಯಲ್ಲಿ ಕೈ ತಪ್ಪುವ ಜಾಗಗಳು ಕೆಲವೇ. ಆಯಿಲ್ ಒಳಬರುವ ಕಡೆ ಗ್ಯಾಸ್ಕೆಟ್ ಮಾತ್ರ ಹಾಕಬೇಕು. ಟ್ಯೂಬಿನಿಂದ ಹಿಂಡುವ ಅಂಟನ್ನು ಹಚ್ಚಿದರೆ ಒಳಕ್ಕೆ ಉಬ್ಬಿದ ತುಣುಕು ಕಿತ್ತುಬಂದು ಬೇರಿಂಗಿನ ಸಣ್ಣ ತೂತನ್ನು ಮುಚ್ಚುತ್ತದೆ. ಆಯಿಲ್ ಇಳಿಯುವ ಬಾಯಿ ನೇರ ಕೆಳಮುಖವಾಗಿರುವಂತೆ ನಡುವಿನ ಭಾಗವನ್ನು ತಿರುಗಿಸಿಕೊಂಡು, ಆಮೇಲೆ ಎರಡೂ ಕಡೆಯ ಹೌಸಿಂಗುಗಳನ್ನು ಪೈಪುಗಳಿಗೆ ಎದುರಾಗುವಂತೆ ಹೊಂದಿಸಬೇಕು. ಹೊಸ ಟರ್ಬೊ ಅಳತೆಯಲ್ಲಿ ಬೇರೆಯಾದ್ದರಿಂದ ಪೈಪುಗಳು ತುಸು ಆಚೀಚೆ ಆಗುವುದು ಸಹಜ, ಆದರೆ ಬಲವಂತವಾಗಿ ಎಳೆದು ಕ್ಲ್ಯಾಂಪು ಬಿಗಿದ ಪೈಪು ಮೊದಲ ಏರಿನಲ್ಲಿಯೇ ಕಳಚಿಕೊಳ್ಳುತ್ತದೆ. ವೇಸ್ಟ್‌ಗೇಟಿನ ಕಡ್ಡಿಯನ್ನು ಹಿಡಿದು ಟರ್ಬೊ ಎತ್ತಬಾರದು. ಅದು ಸ್ವಲ್ಪ ಬಾಗಿದರೂ ಬೂಸ್ಟಿನ ಮಟ್ಟ ಬದಲಾಗುತ್ತದೆ. ಬೋಲ್ಟುಗಳನ್ನು ತಯಾರಕರು ಹೇಳಿದ ಬಿಗಿತಕ್ಕೆ ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ಪಾನಾದಿಂದಲೇ ಬಿಗಿಯಬೇಕು.

ಮೊದಲ ಸ್ಟಾರ್ಟು

ಹೊಸ ಟರ್ಬೊ ಒಣಗಿರುತ್ತದೆ. ಒಣ ಬೇರಿಂಗಿನ ಮೇಲೆ ಕೆಲವು ಸೆಕೆಂಡು ತಿರುಗಿದರೂ ಅದರ ಆಯುಷ್ಯ ಸವೆಯುತ್ತದೆ. ಆದ್ದರಿಂದ ಆಯಿಲ್ ಪೈಪು ಜೋಡಿಸುವ ಮೊದಲು ಆ ಬಾಯಿಯಿಂದ ಶುದ್ಧವಾದ ಇಂಜಿನ್ ಆಯಿಲ್ ಹೊಯ್ದು, ಚಕ್ರವನ್ನು ಬೆರಳಿನಿಂದ ತಿರುಗಿಸುತ್ತ, ಒಳಗೆಲ್ಲ ಹರಡುವಂತೆ ಮಾಡಬೇಕು. ನಂತರ ಇಂಧನ ಹೋಗದಂತೆ ತಡೆದು, ಹತ್ತು ಹದಿನೈದು ಸೆಕೆಂಡಿನಂತೆ, ನಡುವೆ ಸ್ಟಾರ್ಟರ್ ತಣಿಯಲು ಬಿಡುವು ಕೊಟ್ಟು ಸೆಲ್ಫ್ ಹೊಡೆಯಬೇಕು. ಕೆಳಗಿನ ಪೈಪಿನ ಜೋಡಣೆಯನ್ನು ಸಡಿಲವಾಗಿಟ್ಟು ಒಂದು ಡಬ್ಬಿ ಹಿಡಿದರೆ ಮೊದಲು ಏನೂ ಬರುವುದಿಲ್ಲ, ಆಮೇಲೆ ಎರಡು ಹನಿ, ಆಮೇಲೆ ಕಿರುಬೆರಳಿನ ದಪ್ಪದ ಧಾರೆ. ಆ ಧಾರೆಯನ್ನು ಕಣ್ಣಾರೆ ಕಂಡ ಮೇಲೆ ಪೈಪು ಬಿಗಿದು ಇಂಧನ ಕೊಡಬೇಕು.

ಇಂಜಿನ್ ಹೊತ್ತಿದ ಮೇಲೆ ನಾಲ್ಕೈದು ನಿಮಿಷ ಐಡಲಿನಲ್ಲಿಯೇ ಬಿಡಬೇಕು, ರೇಸ್ ಮಾಡಬಾರದು. ಸೈಲೆನ್ಸರಿನಲ್ಲಿ ಉಳಿದಿದ್ದ ಹಳೆಯ ಆಯಿಲ್ ಕಾದು ಒಂದಷ್ಟು ಹೊತ್ತು ಬಿಳಿ ನೀಲಿ ಹೊಗೆ ಬರುತ್ತದೆ. ಅದು ಕ್ರಮೇಣ ಕಡಿಮೆಯಾಗಬೇಕು, ಹೆಚ್ಚಬಾರದು. ಪ್ರತಿಯೊಂದು ಜೋಡಣೆಯನ್ನೂ ಬೆಳಕು ಹಿಡಿದು ನೋಡಿ, ಆಫ್ ಮಾಡಿ, ಆಯಿಲ್ ಮತ್ತು ನೀರಿನ ಮಟ್ಟವನ್ನು ಮತ್ತೆ ಅಳೆಯಬೇಕು. ವೇರಿಯಬಲ್ ಜ್ಯಾಮಿತಿಯ ಟರ್ಬೊ ಆದರೆ, ಅದರ ರೆಕ್ಕೆಗಳು ಎಲ್ಲಿಂದ ಎಲ್ಲಿಯವರೆಗೆ ಚಲಿಸುತ್ತವೆ ಎಂಬುದನ್ನು ಸ್ಕ್ಯಾನರ್ ಮೂಲಕ ಇಸಿಯುವಿಗೆ ಕಲಿಸಬೇಕಾಗಬಹುದು. ಈ ಹೆಜ್ಜೆ ಬಿಟ್ಟುಹೋದರೆ ಎಲ್ಲವೂ ಸರಿಯಿದ್ದರೂ ಬೂಸ್ಟ್ ಸರಿಯಾಗಿ ಬಾರದಿರಬಹುದು.

ಮತ್ತೆ ರಸ್ತೆಗೆ

ಮೊದಲ ಓಟ ಖಾಲಿ ಗಾಡಿಯಲ್ಲಿ, ಮಟ್ಟವಾದ ರಸ್ತೆಯಲ್ಲಿ ಆಗಲಿ. ಬೂಸ್ಟ್ ತೋರಿಸುವ ಮೀಟರ್, ಹೊಗೆಯ ಬಿಸಿ ತೋರಿಸುವ ಮೀಟರ್ ಎರಡೂ ಡ್ಯಾಶ್‌ಬೋರ್ಡಿನಲ್ಲಿದ್ದರೆ ಊಹೆಗೆ ಎಡೆಯಿರುವುದಿಲ್ಲ. ಬೂಸ್ಟ್ ಕಡಿಮೆಯಿದ್ದು ಕಪ್ಪು ಹೊಗೆ ಬರುತ್ತಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ. ಆ ಸ್ಥಿತಿಯಲ್ಲಿ ಓಡಿಸುತ್ತ ಹೋದರೆ ಟರ್ಬೊ ಮಿತಿ ಮೀರಿ ತಿರುಗುತ್ತದೆ. ಬೂಸ್ಟ್ ಸರಿಯಿದ್ದು ಹೊಗೆಯ ಬಿಸಿ ಮೇಲೇರುತ್ತಿದ್ದರೆ ಡೀಸೆಲ್ ಹೆಚ್ಚಾಗಿದೆ ಅಥವಾ ಇಂಟರ್‌ಕೂಲರ್ ಗಾಳಿಯನ್ನು ತಣಿಸುತ್ತಿಲ್ಲ. ಬೆಟ್ಟದ ದಾರಿಯಲ್ಲಿ ಇನ್ನೂ ಎಚ್ಚರ ಬೇಕು: 3,000 ಮೀಟರ್ ಎತ್ತರದಲ್ಲಿ ವಾತಾವರಣದ ಒತ್ತಡ ಸಮುದ್ರಮಟ್ಟದ ಸುಮಾರು 70 ಪ್ರತಿಶತಕ್ಕೆ ಇಳಿಯುತ್ತದೆ, ಅದೇ ಬೂಸ್ಟ್ ಕೊಡಲು ಟರ್ಬೊ ಇನ್ನಷ್ಟು ವೇಗವಾಗಿ ತಿರುಗಬೇಕಾಗುತ್ತದೆ. ಖಾಲಿ ಓಟದಲ್ಲಿ ಎಲ್ಲವೂ ಸರಿ ಕಂಡರೆ ಅರ್ಧ ಲೋಡು, ಆಮೇಲೆ ಪೂರ್ತಿ ಲೋಡು.

ನಾಲ್ಕಾರು ಸಲ ಕಾದು ಆರಿದ ಮೇಲೆ ಗ್ಯಾಸ್ಕೆಟ್ಟುಗಳು ಅದುಮಿಕೊಂಡು ಬೋಲ್ಟು ಕ್ಲ್ಯಾಂಪುಗಳು ಸಡಿಲವಾಗಿರುತ್ತವೆ. ಇಂಜಿನ್ ತಣ್ಣಗಿರುವಾಗ ಅವನ್ನು ಮತ್ತೊಮ್ಮೆ ಬಿಗಿತಕ್ಕೆ ತರಬೇಕು. ಏರು ಹತ್ತಿ ಬಂದ ಗಾಡಿಯನ್ನು ನಿಲ್ಲಿಸಿದಾಗ ಎರಡು ಮೂರು ನಿಮಿಷ ಐಡಲಿನಲ್ಲಿ ಬಿಟ್ಟು ಆಫ್ ಮಾಡಿದರೆ, ಕೆಂಪಗೆ ಕಾದ ಟರ್ಬೈನಿನ ಬಿಸಿಯನ್ನು ಹರಿಯುವ ಆಯಿಲ್ ಹೊತ್ತೊಯ್ಯುತ್ತದೆ. ತಕ್ಷಣ ಆಫ್ ಮಾಡಿದರೆ ನಿಂತ ಆಯಿಲ್ ಅಲ್ಲಿಯೇ ಕರಕಲಾಗುತ್ತದೆ.

ಹಳೆಯ ಬೇರಿಂಗು ಪುಡಿಯಾಗಿದ್ದ ಗಾಡಿಯಲ್ಲಿ ಹೊಸ ಆಯಿಲ್ಲನ್ನು ಅದರ ಪೂರ್ತಿ ಅವಧಿಯವರೆಗೆ ಓಡಿಸದೆ ಬೇಗನೆ ಬದಲಿಸಬೇಕು. ಆಗ ತೆಗೆದ ಆಯಿಲ್ ಫಿಲ್ಟರನ್ನು ಎಸೆಯುವ ಮೊದಲು ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಬಿಡಿಸಿ ಬಿಸಿಲಿಗೆ ಹಿಡಿದು ನೋಡಬಹುದು. ಮಡಿಕೆಗಳಲ್ಲಿ ಕಪ್ಪು ಮಸಿ ಮಾತ್ರ ಇದ್ದರೆ ಗಾಡಿ ಎಂದಿನ ದುಡಿಮೆಗೆ ಸಿದ್ಧವಾಗಿದೆ. ಹಿತ್ತಾಳೆ ಬಣ್ಣದ ಹೊಳೆಯುವ ಪುಡಿ ಕಂಡರೆ ಹೊಸ ಟರ್ಬೊವಿನ ಶಾಫ್ಟಿನ ಆಟವನ್ನೂ ಇಂಜಿನ್ನಿನ ಆಯಿಲ್ ಒತ್ತಡವನ್ನೂ ಅಳೆದು ನೋಡುವವರೆಗೆ ಲೋಡು ಹೇರಬಾರದು.